ಬಣ್ಣಕ್ಕಿಂತ ಹಿಡಿತ ಮುಖ್ಯ: ಹಲ್ಲಿನ ಬಿಳಿ ಸಿಮೆಂಟು ಬೆಳೆದ ಬಗೆ

ಹುಳುಕು ಹಲ್ಲಿಗೆ ‘ಬಿಳಿ ಸಿಮೆಂಟೇ ಹಾಕಿ’ ಎನ್ನುವುದು ಇಂದು ಯಲಹಂಕದಲ್ಲೂ ಆರ್.ಟಿ. ನಗರದಲ್ಲೂ ಸಾಮಾನ್ಯ ಮಾತು. ಕಣ್ಣಿಗೆ ಕಾಣುವುದು ಬಣ್ಣ, ಹಾಗಾಗಿ ಕೇಳುವುದೂ ಬಣ್ಣವನ್ನೇ. ಆದರೆ ಹಲ್ಲಿನ ಬಣ್ಣವನ್ನು ಹೋಲುವ ವಸ್ತು ನೂರು ವರ್ಷಕ್ಕೂ ಹಿಂದೆಯೇ ಸಿಕ್ಕಿತ್ತು. ದಂತವೈದ್ಯರನ್ನು ದಶಕಗಟ್ಟಲೆ ಕಾಡಿದ್ದು ಹಿಡಿತ. ಸದಾ ಒದ್ದೆಯಿರುವ, ಜಗಿತದ ಭಾರ ಹೊರುವ, ಬಿಸಿ ಕಾಫಿಗೂ ತಣ್ಣೀರಿಗೂ ಹಿಗ್ಗಿ ಕುಗ್ಗುವ ಹಲ್ಲಿಗೆ ಏನನ್ನು ಅಂಟಿಸಿದರೆ ನಿಂತೀತು?

ಬೆಳ್ಳಿ, ತವರಗಳ ಪುಡಿಗೆ ಪಾದರಸ ಬೆರೆಸಿ ಮಾಡುವ ಅಮಾಲ್ಗಂ ಈ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ. ಅದು ಹಲ್ಲಿಗೆ ಅಂಟುವುದಿಲ್ಲ. ಬಾಯಿ ಕಿರಿದು, ಒಳಗೆ ಅಗಲವಾಗುವಂತೆ ಗುಳಿ ಕೊರೆದು ಅದನ್ನು ಸಿಕ್ಕಿಸಬೇಕು. ಅದಕ್ಕಾಗಿ ಗಟ್ಟಿಮುಟ್ಟಾದ ಹಲ್ಲನ್ನೂ ಕಡಿಯಬೇಕು. ಬಿಳಿ ವಸ್ತುಗಳ ನಿಜವಾದ ಗೆಲುವು ಅಂದವಲ್ಲ, ಈ ಅನಗತ್ಯ ಕಡಿತವನ್ನು ತಪ್ಪಿಸಿದ್ದು ಎಂದೇ ನಾನು ತಿಳಿಯುತ್ತೇನೆ.

20ನೇ ಶತಮಾನದ ಮೊದಲರ್ಧದಲ್ಲಿ ಮುಂಭಾಗದ ಹಲ್ಲಿಗೆ ಸಿಲಿಕೇಟ್ ಸಿಮೆಂಟು ಬಳಕೆಯಲ್ಲಿತ್ತು. ನೋಡಲು ಚೆನ್ನ, ಆದರೆ ಜೊಲ್ಲಿನಲ್ಲಿ ನಿಧಾನವಾಗಿ ಕರಗುತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ರಿಲಿಕ್ ಪ್ಲಾಸ್ಟಿಕ್ ಬಂತು. ಅದು ಗಟ್ಟಿಯಾಗುವಾಗ ವಿಪರೀತ ಕುಗ್ಗಿ ಅಂಚಿನಲ್ಲಿ ಬಿರುಕು ಬಿಡುತ್ತಿತ್ತು, ಆ ಬಿರುಕಿನಲ್ಲಿ ಮತ್ತೆ ಹುಳುಕು.

ದಾರಿ ತೆರೆದದ್ದು 1955ರಲ್ಲಿ. ಅಮೆರಿಕದ ರಾಚೆಸ್ಟರ್‌ನಲ್ಲಿದ್ದ ಮೈಕೆಲ್ ಬ್ಯುವೊನೊಕೋರ್ ಅವರಿಗೆ ಲೋಹಕ್ಕೆ ಬಣ್ಣ ಬಳಿಯುವ ಮುನ್ನ ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಹಚ್ಚುವುದು ತಿಳಿದಿತ್ತು. ಅದನ್ನೇ ಹಲ್ಲಿನ ಎನಾಮಲ್ ಮೇಲೆ ಪ್ರಯೋಗಿಸಿದರು. ಆಮ್ಲವು ನಯವಾದ ಮೇಲ್ಮೈಯಲ್ಲಿ ಸೂಕ್ಷ್ಮ ರಂಧ್ರಗಳನ್ನು ಮಾಡಿತು, ದ್ರವರೂಪದ ರಾಳ ಅವುಗಳೊಳಗೆ ಇಳಿದು ಗಟ್ಟಿಯಾಗಿ ಬೇರೂರಿತು. ಅವರು ಬಳಸಿದ್ದು ಶೇ. 85ರ ಆಮ್ಲ. ಇಂದು ಸಾಮಾನ್ಯವಾಗಿ ಶೇ. 37ರ ಜೆಲ್ ಅನ್ನು 15ರಿಂದ 30 ಸೆಕೆಂಡು ಹಚ್ಚಿ ತೊಳೆಯುತ್ತಾರೆ.

ಅಂಟಲು ನೆಲ ಸಿದ್ಧವಾಯಿತು, ಅಂಟುವ ವಸ್ತು ಇನ್ನೂ ಬೇಕಿತ್ತು. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿದ್ದ ರಫಾಯೆಲ್ ಬೋವೆನ್ 1962ರಲ್ಲಿ ಬಿಸ್-ಜಿಎಂಎ ಎಂಬ ರಾಳಕ್ಕೆ ಪೇಟೆಂಟ್ ಪಡೆದರು. ಅದರ ಅಣು ದೊಡ್ಡದಾದ್ದರಿಂದ ಕುಗ್ಗುವುದು ಕಡಿಮೆ. ಅದಕ್ಕೆ ಗಾಜಿನ ಜಾತಿಯ ಪುಡಿ ಬೆರೆಸಿದರು. ಪುಡಿಯ ಕಣಕಣಕ್ಕೂ ಸಿಲೇನ್ ಲೇಪವಿತ್ತು. ಈ ಸಿಲೇನ್ ಒಂದು ತುದಿಯಲ್ಲಿ ಗಾಜನ್ನೂ ಇನ್ನೊಂದು ತುದಿಯಲ್ಲಿ ರಾಳವನ್ನೂ ಹಿಡಿಯುತ್ತದೆ. ಇದೇ ಕಾಂಪೊಸಿಟ್. ಮೊದಮೊದಲು ಎರಡು ಪೇಸ್ಟ್‌ಗಳನ್ನು ಕಲಸುತ್ತಿದ್ದರು. 1970ರ ದಶಕದಲ್ಲಿ ಅದನ್ನು ಗಟ್ಟಿಗೊಳಿಸಲು ಅತಿನೇರಳೆ ಕಿರಣ, ಬಳಿಕ ನೀಲಿ ಬೆಳಕು ಬಂತು. ಸುಮಾರು 470 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ರಾಳದಲ್ಲಿ ಬೆರೆಸಿದ ಕ್ಯಾಂಫರ್‌ಕ್ವಿನೋನ್ ಎಂಬ ವಸ್ತು ಹೀರಿದೊಡನೆ ರಾಳದ ಅಣುಗಳು ಸರಪಳಿ ಕಟ್ಟತೊಡಗುತ್ತವೆ. ಬೆಳಕು ಆಳಕ್ಕೆ ಇಳಿಯದು, ಕುಗ್ಗುವಿಕೆಯೂ ಪೂರ್ತಿ ನಿಂತಿಲ್ಲ. ಅದಕ್ಕೇ ಎರಡು ಮಿಲಿಮೀಟರ್ ದಪ್ಪದ ಪದರಗಳಲ್ಲಿ ತುಂಬುವ ರೂಢಿ.

ಎನಾಮಲ್ ಕೆಳಗಿನ ಡೆಂಟಿನ್ ತೇವವಿರುವ ಪದರ. ಅದಕ್ಕೆ ಅಂಟಿಸುವ ಕೆಲಸ ಜಪಾನಿನಲ್ಲಿ ಮುಂದುವರಿಯಿತು. 1982ರಲ್ಲಿ ನೊಬುವೊ ನಾಕಾಬಯಾಶಿ ಮತ್ತು ಸಂಗಡಿಗರು ರಾಳವೂ ಡೆಂಟಿನ್‌ನ ಎಳೆಗಳೂ ಹೆಣೆದುಕೊಂಡ ‘ಹೈಬ್ರಿಡ್ ಪದರ’ವನ್ನು ವಿವರಿಸಿದರು. ಇತ್ತ ಕಾಂಪೊಸಿಟ್‌ನ ಪುಡಿಯ ಕಣಗಳು ಸಣ್ಣದಾಗುತ್ತಾ ನ್ಯಾನೊ ಮಟ್ಟಕ್ಕೆ ಇಳಿದವು, ಹೊಳಪು ಹೆಚ್ಚಿತು.

ಇದಕ್ಕೆ ಸಮಾನಾಂತರವಾಗಿ ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ಆಲನ್ ವಿಲ್ಸನ್, ಬ್ರಯಾನ್ ಕೆಂಟ್ ಗ್ಲಾಸ್ ಅಯಾನೊಮರ್ ರೂಪಿಸಿ 1970ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಫ್ಲೋರೈಡ್ ಇರುವ ಗಾಜಿನ ಪುಡಿ, ಪಾಲಿಅಕ್ರಿಲಿಕ್ ಆಮ್ಲ, ಇಷ್ಟೇ. ಆಮ್ಲವು ಹಲ್ಲಿನ ಕ್ಯಾಲ್ಸಿಯಂನೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ. ದೀಪ ಬೇಡ, ವಿದ್ಯುತ್ ಬೇಡ, ಫ್ಲೋರೈಡ್ ಕೂಡ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಕಾಂಪೊಸಿಟ್‌ನಷ್ಟು ಗಟ್ಟಿಯಲ್ಲ, ನಿಜ. ಆದರೂ ಡ್ರಿಲ್ ಇಲ್ಲದೆ ಕೈ ಉಪಕರಣದಿಂದ ಹುಳುಕು ತೆಗೆದು ಇದನ್ನು ತುಂಬುವ ಎ.ಆರ್.ಟಿ. ವಿಧಾನ ಹಳ್ಳಿಯ ಶಾಲೆಯ ಜಗಲಿಯಲ್ಲೂ ಸಾಧ್ಯ. ಈ ವಸ್ತುವಿಗೆ ಸಲ್ಲಬೇಕಾದ ಗೌರವ ಸಂದಿಲ್ಲ ಎನ್ನುವುದು ನನ್ನ ಅನಿಸಿಕೆ.

ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. ಅಮಾಲ್ಗಂ ಹಿಂದೆ ಸರಿದಷ್ಟೂ ಬಿಳಿ ವಸ್ತುಗಳ ಮೇಲಿನ ಹೊಣೆ ಹೆಚ್ಚುತ್ತದೆ. ಉತ್ತರ ಬೆಂಗಳೂರಿನಲ್ಲಿ ಆ ಹೊಣೆಗೆ ಇನ್ನೊಂದು ತೊಡಕಿದೆ. ಮತ್ತಿಕೆರೆ ಪಕ್ಕದ ಎಂ.ಎಸ್. ರಾಮಯ್ಯ, ಬಳ್ಳಾರಿ ರಸ್ತೆಯ ಹುಣಸಮಾರನಹಳ್ಳಿಯ ಕೃಷ್ಣದೇವರಾಯ, ಈ ಎರಡೂ ದಂತ ವೈದ್ಯಕೀಯ ಕಾಲೇಜುಗಳು ನಗರ ಉತ್ತರಕ್ಕೆ ಚಾಚುವ ದಿಕ್ಕಿನಲ್ಲಿವೆ. ಬಳ್ಳಾರಿ ರಸ್ತೆ ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳತ್ತ ಹೋಗುತ್ತದೆ, ಆ ಕಡೆಯ ರೋಗಿಗಳೂ ಇಲ್ಲಿಗೆ ಬರಬಹುದು. ಅಲ್ಲಿನ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹಳೆಯ ಪಿಡುಗು, ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಮಿತಿಯಿದ್ದರೂ. ಚಿಕ್ಕಂದಿನಲ್ಲಿ ಆ ನೀರು ಕುಡಿದವರ ಹಲ್ಲಿನಲ್ಲಿ ಕಂದು ಕಲೆ ಬೀಳುತ್ತದೆ, ಎನಾಮಲ್‌ನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗದು, ಅದರ ಕೆಳಗೆ ರಂಧ್ರಮಯ. ಬ್ಯುವೊನೊಕೋರ್ ತೋರಿಸಿದ ರಂಧ್ರಗಳು ಮೂಡುವುದೇ ಇಲ್ಲಿ ಕಷ್ಟ. ಹೊರಪದರವನ್ನು ತೆಳುವಾಗಿ ಉಜ್ಜಬೇಕು, ಇಲ್ಲವೇ ಆಮ್ಲವನ್ನು ಹೆಚ್ಚು ಹೊತ್ತು ಬಿಡಬೇಕು. ಕಾಯಂ ಹಲ್ಲುಗಳ ಎನಾಮಲ್ ಬಹುಮಟ್ಟಿಗೆ ಎಂಟು ವರ್ಷದೊಳಗೆ ರೂಪುಗೊಳ್ಳುವುದರಿಂದ, ರೋಗಿ ಇಂದು ಹೆಬ್ಬಾಳದ ಯಾವ ಅಪಾರ್ಟ್‌ಮೆಂಟಿನಲ್ಲಿದ್ದಾರೆ ಎಂಬುದಕ್ಕಿಂತ, ಎಂಟು ತುಂಬುವವರೆಗೆ ಯಾವ ಊರಿನ ನೀರು ಕುಡಿದರು ಎಂದು ಕೇಳಿ ಕೇಸ್ ಶೀಟಿನಲ್ಲಿ ಬರೆದುಕೊಳ್ಳುವುದು ಅಗತ್ಯ.