ಹೋಪ್ ಅಂದರೆ ಆಸೆಯಲ್ಲ

ಹೋದ ತಿಂಗಳು ನಮ್ಮ ಪ್ರಾಜೆಕ್ಟಿನ ಮೀಟಿಂಗಿನಲ್ಲಿ ಯಾರೋ "ಶುಕ್ರವಾರದೊಳಗೆ ರಿಲೀಸ್ ಅನ್ನೋದು ಫರ್ಲಾರ್ನ್ ಹೋಪ್" ಅಂದರು. ಎಲ್ಲರೂ ತಲೆಯಾಡಿಸಿದೆವು. ಕೈಗೂಡದ ಆಸೆ, ಅಷ್ಟೇ ತಾನೆ? ನಾನೂ ಕಾಲೇಜಿನಿಂದ ಹಾಗೇ ಅಂದುಕೊಂಡಿದ್ದೆ. ಅದೇ ವಾರ 1799ರ ಶ್ರೀರಂಗಪಟ್ಟಣದ ಮುತ್ತಿಗೆಯ ಬಗ್ಗೆ ಓದುತ್ತಿದ್ದಾಗ ಈ ಪದ ಮತ್ತೆ ಸಿಕ್ಕಿತು. ಅಲ್ಲಿ ಅದು ಆಸೆಯಲ್ಲ, ಬಂದೂಕು ಹಿಡಿದ ಹದಿಮೂರು ಜನ!

ಹುಡುಕುತ್ತಾ ಹೋದರೆ ಇದು ಇಂಗ್ಲಿಷ್ ಪದವೇ ಅಲ್ಲ. ಡಚ್ ಭಾಷೆಯಲ್ಲಿ 'ವರ್‌ಲೋರನ್ ಹೋಪ್' ಅಂದರೆ ಕಳೆದುಹೋದ ಗುಂಪು. ಈ ಹೋಪ್ ಇಂಗ್ಲಿಷಿನ 'ಹೀಪ್'ನ ದಾಯಾದಿ. ಅದೇ ರಾಶಿ, ನಾವು ಪ್ರೋಗ್ರಾಮರುಗಳು ಮೆಮೊರಿಗೆ ಹೇಳುತ್ತೇವಲ್ಲ ಅದೇ ಹೀಪ್. 16ನೇ ಶತಮಾನದಲ್ಲಿ ಇಂಗ್ಲಿಷ್ ಸೈನಿಕರು ಅದನ್ನು ತಮ್ಮ ಕಿವಿಗೆ ಕೇಳಿಸಿದಂತೆ ತಮ್ಮದೇ 'ಹೋಪ್' ಮಾಡಿಕೊಂಡರು. ನಂತರದ ಶತಮಾನದಲ್ಲಿ ಜನ ಆ ತಪ್ಪು ಕಿವಿಯ ಮೇಲೇ ಹೊಸ ಅರ್ಥ ಕಟ್ಟಿದರು, ಕೈಗೂಡದ ಆಸೆ ಅಂತ. ಫ್ರೆಂಚರು ಇಂಥವರನ್ನೇ 'ಕಳೆದುಹೋದ ಮಕ್ಕಳು' ಅನ್ನುತ್ತಿದ್ದರು. (ನಮ್ಮ ಕುಂದಾಪುರದ ಕಡೆ 'ಹೋಪ' ಅಂದರೆ ಹೋಗೋಣ. ಮೂರರಲ್ಲಿ ಇದೇ ಹೆಚ್ಚು ಹೊಂದುತ್ತೇನೋ!)

ಕೆಲಸ ಇಷ್ಟು. ಫಿರಂಗಿ ಹೊಡೆದು ಕೋಟೆಗೋಡೆಯಲ್ಲಿ ಕಂಡಿ ಮಾಡುತ್ತಾರೆ. ಒಳಗಿನವರ ಮೊದಲ ಗುಂಡುಗಳೆಲ್ಲ ಕಾಯುತ್ತಿರುವುದು ಆ ಕಂಡಿಗೆ. ಯಾರಾದರೂ ಮೊದಲು ನುಗ್ಗಲೇಬೇಕು. ಅದಕ್ಕೆ ಸ್ವಯಂ ಇಚ್ಛೆಯಿಂದ ಮುಂದೆ ಬಂದವರನ್ನೇ ಆರಿಸುತ್ತಿದ್ದರು. ಬದುಕಿ ಬಂದರೆ ಬಡ್ತಿ.

ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷರಿಗೆ ಅವಸರವಿತ್ತು. ದಂಡಿನಲ್ಲಿ ದವಸ ಮುಗಿಯುತ್ತಾ ಬಂದಿತ್ತು, ಮಳೆ ಹಿಡಿದರೆ ಕಾವೇರಿ ದಾಟುವಂತಿರಲಿಲ್ಲ. ಮೇ 4ರ ಮಧ್ಯಾಹ್ನ 1 ಗಂಟೆ ದಾಟಿದ ಮೇಲೆ, ಸುಡುಬಿಸಿಲಲ್ಲಿ, ಎರಡು ಸಾಲುಗಳು ನದಿಗಿಳಿದವು. ಒಂದೊಂದರ ಮುಂದೂ ಒಬ್ಬ ಸಾರ್ಜೆಂಟ್ ಮತ್ತು 12 ಜನ, ಅವರ ಬೆನ್ನಿಗೆ ಒಬ್ಬ ಲೆಫ್ಟಿನೆಂಟ್ ಮತ್ತು 25 ಜನ. ಲಗ್ಗೆಯ ಮುಖ್ಯಸ್ಥ ಡೇವಿಡ್ ಬೇರ್ಡ್, 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು ಇದೇ ಪಟ್ಟಣದಲ್ಲಿ ಮೂರೂವರೆ ವರ್ಷ ಕೊಳೆತಿದ್ದವನು. ಅವನ ಕಥೆ ಎಲ್ಲರಿಗೂ ಗೊತ್ತು. ನನಗೆ ಅಂಟಿಕೊಂಡದ್ದು ಇನ್ನೊಬ್ಬ.

ಬಾಂಬೆ ಯುರೋಪಿಯನ್ ರೆಜಿಮೆಂಟಿನ ಸಾರ್ಜೆಂಟ್ ಗ್ರಹಾಂ. ಬದುಕಿದರೆ ಅಧಿಕಾರಿಯ ಹುದ್ದೆ ಅಂತ ಅವನಿಗೆ ಗೊತ್ತಿತ್ತು. ಒಬ್ಬನೇ ಓಡಿ ಕಂಡಿ ಹತ್ತಿ ನೋಡಿದ, ಟೋಪಿ ತೆಗೆದು ಲೆಫ್ಟಿನೆಂಟ್ ಗ್ರಹಾಂಗೆ ಜಯವಾಗಲಿ ಅಂತ ಕೂಗಿದ. ಅಂದರೆ ತನಗೇ! ಬಡ್ತಿಯ ಪತ್ರ ಬರುವ ಮೊದಲೇ ಹೆಸರಿನ ಮುಂದೆ ಹುದ್ದೆ ಸೇರಿಸಿಕೊಂಡಿದ್ದ. ಮತ್ತೆ ತನ್ನವರೊಂದಿಗೆ ಬಾವುಟ ಹಿಡಿದು ಹತ್ತಿದ, ಗೋಡೆಯ ಮೇಲೆ ನೆಟ್ಟ, ಆ ಕ್ಷಣದಲ್ಲೇ ತಲೆಗೆ ಗುಂಡು ಬಿತ್ತು. ಎಷ್ಟು ಹೊತ್ತು ಲೆಫ್ಟಿನೆಂಟ್ ಆಗಿದ್ದ? ಕೆಲವು ನಿಮಿಷ.

ಬೆನ್ನಿಗಿದ್ದವರಲ್ಲಿ 77ನೇ ರೆಜಿಮೆಂಟಿನ ಲೆಫ್ಟಿನೆಂಟ್ ಅಲೆಕ್ಸಾಂಡರ್ ಲಾರೆನ್ಸ್ ತೀವ್ರ ಗಾಯಗೊಂಡೂ ಉಳಿದ. ಅವನ ಒಬ್ಬ ಮಗ ಹೆನ್ರಿ 1857ರಲ್ಲಿ ಲಕ್ನೋದಲ್ಲಿ ಸತ್ತ, ಇನ್ನೊಬ್ಬ ಜಾನ್ 1864ರಲ್ಲಿ ವೈಸರಾಯ್ ಆದ. ಆ ಕಂಡಿಯಲ್ಲಿ ಒಂದು ಗುಂಡು ತುಸು ಆಚೀಚೆ ಆಗಿದ್ದರೆ...

ಇಷ್ಟು ಓದಿದ ಮೇಲೆ ಮನಸ್ಸು ಕೋಟೆಯೊಳಕ್ಕೆ ಹೋಯಿತು. ಕಂಡಿಯ ಕಾವಲಿನ ಹೊಣೆ ಹೊತ್ತಿದ್ದ ಸಯ್ಯದ್ ಗಫಾರ್ ಲಗ್ಗೆಗೆ ಮೊದಲೇ ಫಿರಂಗಿ ಗುಂಡಿಗೆ ಸತ್ತಿದ್ದ. ಅವನ ಹೆಸರಾದರೂ ಉಳಿದಿದೆ. ಗ್ರಹಾಂಗೆ ಗುರಿಯಿಟ್ಟ ಮೈಸೂರಿನ ಸಿಪಾಯಿ ಯಾರು? ನಾನು ಓದಿದ್ದರಲ್ಲಿ ಅವನು ಬರೀ 'ಶತ್ರು'. ಅವನಿಗೆ ಯಾರೂ ಬಡ್ತಿಯ ಆಸೆ ತೋರಿಸಿರಲಾರರು. ಅವನೂ ನಿಂತಿದ್ದು ಅದೇ ಕಂಡಿಯಲ್ಲಿ ತಾನೆ?

ಈಗ ಪದದ ವಿಷಯ. ಇದಕ್ಕೆ ಕನ್ನಡದಲ್ಲಿ ಏನನ್ನಬಹುದು? 'ಹತಾಶ ಪ್ರಯತ್ನ' ಅಂದರೆ ಆ ಹಳೇ ತಪ್ಪನ್ನೇ ಅನುವಾದ ಮಾಡಿದ ಹಾಗೆ. ಹಳಗನ್ನಡದ 'ಜೋಳವಾಳಿ' ಹೊಳೆಯಿತು, ಆದರೆ ಅದು ಉಂಡ ಅನ್ನದ ಋಣಕ್ಕೆ ಸಾಯುವುದು. ಆ ಸಿಪಾಯಿಗೆ ಹೊಂದೀತು, ಗ್ರಹಾಂಗೆ ಹೊಂದುವುದಿಲ್ಲ. 'ಮುಡಿಪು ಪಡೆ' ಅನ್ನೋಣವೇ? ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.