ಬಂಗಲೆ ಮೇಟಿಯ ಇನಾಮು

ಗುಂಡ್ಲುಪೇಟೆಯ ಬಂಗಲೆಯಲ್ಲಿ ನಮ್ಮಪ್ಪ ಮೇಟಿಯಾಗಿದ್ದರು. ಮೇಟಿ ಅಂದರೆ ಯಾರು ಅಂತ ಈಗಿನ ಹುಡುಗರಿಗೆ ಬಿಡಿಸಿಯೇ ಹೇಳಬೇಕು. ಬೀಗದಕೈ ಅವನದು. ಹಾಸಿಗೆ ಕೊಡವುವವನು, ಹಂಡೆಗೆ ಉರಿ ಹಾಕುವವನು, ಬೆಳಗಿನ ಕಾಫಿಯನ್ನು ಕೋಣೆಯ ಬಾಗಿಲಿಗೆ ಒಯ್ಯುವವನು, ಸಂತೆಯಲ್ಲದ ದಿನ ಕೋಳಿ ಬೇಕೆಂದರೂ ಯಾವುದೋ ಹಟ್ಟಿಯಿಂದ ಹಿಡಿದು ತರುವವನು, ಎಲ್ಲ ಅವನೇ. ಸಂಬಳ ಸರ್ಕಾರದ್ದು, ಇನಾಮು ಬಂದುಹೋಗುವವರದು.

ಇನಾಮು ಇಸಕೊಳ್ಳುವುದಕ್ಕೂ ಅಪ್ಪನಲ್ಲೊಂದು ಶಾಸ್ತ್ರವಿತ್ತು. ಸಾಮಾನನ್ನು ಕಾರಿನ ಹಿಂದೆ ಇಟ್ಟ ಮೇಲೆ ಅಲ್ಲೇ ಹಿಂದೆ ನಿಲ್ಲಬೇಕು, ಮುಂದಿನ ಬಾಗಿಲ ಬಳಿ ನಿಂತರೆ ಕೇಳಿದ ಹಾಗೆ. ಕೈ ಚಾಚಬಾರದು. ಕೊಟ್ಟರೆ ಎರಡೂ ಕೈಯಲ್ಲಿ ಇಸಕೊಂಡು, ಎಷ್ಟೆಂದು ನೋಡದೆ, ಸೊಂಟದ ಚೀಲಕ್ಕೆ ಸೇರಿಸಬೇಕು. ಕೊಡದಿದ್ದರೂ "ಹೋಗ್ಬುಟ್ಟು ಬನ್ನಿ ಬುದ್ದಿ" ಅನ್ನುವ ಮಾತಿನ ರಾಗ ಬದಲಾಗಬಾರದು. ಕಾರು ತಿರುವಿನಲ್ಲಿ ಮರೆಯಾದ ಮೇಲಷ್ಟೇ ಅಡಿಗೆಮನೆಯ ಹಿಂದೆ ಚೀಲ ಬಿಚ್ಚುತ್ತಿದ್ದರು. ಅಡಿಗೆಯವನಿಗೆ ಒಂದು ಪಾಲು, ನೀರು ಹೊರುವವನಿಗೆ ಒಂದು, ಕಸ ಗುಡಿಸುವ ಅಮ್ಮನಿಗೆ ಒಂದು. ಉಳಿದದ್ದು ಅಪ್ಪನದು. ಅದು ಎಲ್ಲರಿಗಿಂತ ಹೆಚ್ಚೇ ಇರುತ್ತಿತ್ತು, ಇಲ್ಲ ಅನ್ನುವುದಿಲ್ಲ.

ನಮ್ಮೂರಲ್ಲಿ ಇಂಥ ಬಂಗಲೆಗೆ ಕೆಲಸ ಹುಟ್ಟಿದ್ದೇ ಊಟಿಯ ರಸ್ತೆಯಿಂದ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿದ ಮೇಲೆ ಇಂಗ್ಲಿಷರಿಗೆ ಆ ತಂಪಿನ ಹುಚ್ಚು ಹಿಡಿಯಿತು. ಮೈಸೂರಿನಿಂದ ಅಲ್ಲಿಗೆ ಹೋಗಬೇಕಾದರೆ ನಂಜನಗೂಡು, ಬೇಗೂರು, ಗುಂಡ್ಲುಪೇಟೆ, ಆಮೇಲೆ ಬಂಡೀಪುರದ ಕಾಡು. ಮೈಸೂರಿಗೆ ನಮ್ಮೂರು ಸುಮಾರು 60 ಕಿಲೋಮೀಟರ್. ಎತ್ತು ಕುದುರೆಗಳ ಕಾಲದಲ್ಲಿ ಕಾಡಿಗೆ ಮುಂಚೆ ದಣಿವಾರಿಸಿಕೊಳ್ಳಬೇಕಾದ ಜಾಗವೇ ಇದು. ಅದಕ್ಕೂ ಹಿಂದೆ ವಿಜಯಪುರ ಅನ್ನಿಸಿಕೊಂಡು, ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗೆ ಪರವಾಸುದೇವರ ಗುಡಿ ಕಟ್ಟಿಸಿದ ಊರು. ಆದರೆ ಈಗ ಹೊರಗಿನವರ ಬಾಯಲ್ಲಿ ಗುಂಡ್ಲುಪೇಟೆ ಅಂದರೆ ಊಟಿಗೆ ಹೋಗುವಾಗ ತಿಂಡಿ ತಿಂದ ಊರು ಅಷ್ಟೆ.

ಅಪ್ಪನ ಅಪ್ಪ ಬಂಗಲೆ ಕಂಡವರಲ್ಲ, ಕಣ ಕಂಡವರು. ಆ ಕಾಲದ ಲೆಕ್ಕವೇ ಬೇರೆ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಮೈಸೂರು ಚರಿತ್ರೆಯಲ್ಲಿ ಹಳ್ಳಿಯ ಹನ್ನೆರಡು ಆಯಗಾರರ ಪಟ್ಟಿ ಕೊಟ್ಟಿದ್ದಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ. ಇವರಿಗೆ ತಿಂಗಳ ಸಂಬಳವಿಲ್ಲ. ಒಂದೋ ಇನಾಮು ಜಮೀನು, ಇಲ್ಲವೇ ಸುಗ್ಗಿಯಲ್ಲಿ ರಾಶಿಯಿಂದ ಅಳೆದುಕೊಡುವ ಆಯ. ರಾಗಿ ತೂರಿ ರಾಶಿ ಪೂಜೆಯಾದ ಮೇಲೆ ಒಕ್ಕಲು ಮನೆಗೆ ಒಯ್ಯುವುದಕ್ಕೆ ಮುಂಚೆ ಇವರ ಮೊರ ತುಂಬಬೇಕು. ಆ ವರ್ಷ ಕುಡುಗೋಲು ಹದ ಮಾಡಿಕೊಟ್ಟ ಕಮ್ಮಾರನ ಮುಖ ಒಕ್ಕಲಿಗೆ ಹಿಡಿಸಿತೋ ಇಲ್ಲವೋ, ಅವನ ಕೊಳಗದಲ್ಲಿ ಹೆಚ್ಚುಕಮ್ಮಿಯಾಗುವಂತಿಲ್ಲ. ಇಲ್ಲಿ ಕೊಡುವವನ ಖುಷಿ ಅನ್ನುವ ಮಾತೇ ಇಲ್ಲ. ಕೊಡದಿದ್ದರೆ ಪಂಚಾಯ್ತಿ ಕೂಡುತ್ತಿತ್ತು.

ಇದನ್ನು ಹೇಳುವಾಗ ನಮ್ಮ ಕೆಲವು ಗೆಳೆಯರ ಕಣ್ಣಲ್ಲಿ ಹಳ್ಳಿಯೊಂದು ಸ್ವರ್ಗವಾಗಿಬಿಡುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಆಯದ ಮೊರ ತುಂಬುತ್ತಿತ್ತು, ನಿಜ. ಆದರೆ ತೋಟಿಯ ಮಗ ತೋಟಿಯೇ ಆಗಬೇಕಿತ್ತು. ಅವನು ಕಣದ ಅಂಚಿನಲ್ಲಿ ನಿಂತೇ ಇಸಕೊಳ್ಳಬೇಕಿತ್ತು, ಕೊಡುವವರ ಕೈ ಅವನ ಕೈಗೆ ತಾಗುವಂತಿರಲಿಲ್ಲ. ಮೈಸೂರು ರಾಜ್ಯ 1954 ಮತ್ತು 1955ರಲ್ಲಿ ಇನಾಮು ರದ್ದತಿ ಕಾಯ್ದೆಗಳನ್ನು ತಂದಿತು, 1961ರಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನೇ ತೆಗೆದುಹಾಕುವ ಕಾಯ್ದೆ ಮಾಡಿತು. ನಮ್ಮ ತಾತ ಕಣದಿಂದ ಬಿಡಿಸಿಕೊಂಡು ಮಗನನ್ನು ಬಂಗಲೆಯ ಕೆಲಸಕ್ಕೆ ಸೇರಿಸಿದ್ದನ್ನು ಮನೆಯಲ್ಲಿ ಯಾರೂ ನಷ್ಟ ಅಂತ ಲೆಕ್ಕ ಹಾಕಲಿಲ್ಲ.

ಆದರೆ ಬಂಗಲೆಯಲ್ಲಿ ಅಪ್ಪನಿಗೆ ಸಿಕ್ಕಿದ್ದು ಹಕ್ಕಿನ ಮೊರವಲ್ಲ, ದೊರೆಯ ಮರ್ಜಿ. ವೈನಾಡಿನ ಕಾಫಿ ತೋಟದವರು ಧಾರಾಳಿಗಳು, ರೂಪಾಯಿಗೆ ಕಮ್ಮಿ ಕೊಟ್ಟವರಲ್ಲ. ಬೆಂಗಳೂರಿನ ಸಂಸಾರಸ್ಥರು ನಾಕಾಣೆಯೋ ಎಂಟಾಣೆಯೋ, ಅದೂ ಹೆಂಡತಿ ನೆನಪಿಸಿದರೆ. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾಪೈಸೆ ಬಂದರೂ ಇನಾಮಿನ ಬಾಯಲ್ಲಿ ಆಣೆಯೇ ಉಳಿಯಿತು. 25 ಪೈಸೆಯ ಬಿಲ್ಲೆಗೆ ನಾವು ನಾಕಾಣೆ ಅನ್ನುತ್ತಿದ್ದೆವು, 2011ರ ಜೂನ್‌ನಲ್ಲಿ ಸರ್ಕಾರ ಅದನ್ನು ಚಲಾವಣೆಯಿಂದ ತೆಗೆಯುವವರೆಗೂ. ಇನ್ನು ತಪಾಸಣೆಗೆ ಬಂದ ಅಧಿಕಾರಿಗಳ ಮಾತು ಬಿಡಿ. ಅವರ ಹತ್ತಿರ ಇನಾಮು ಹಾಗಿರಲಿ, ಕೋಳಿಯ ದುಡ್ಡು ಕೇಳುವುದಕ್ಕೂ ಅಪ್ಪ ಎರಡು ಸಲ ಕೆಮ್ಮುತ್ತಿದ್ದರು.

ಬಂದ ಕೂಡಲೇ ಕೊಡುವವರು, ಹೋಗುವಾಗ ಕೊಡುವವರು ಅಂತ ಎರಡು ಜಾತಿ. ಮುಂಚೆಯೇ ಎರಡು ರೂಪಾಯಿ ಕೈಗಿಟ್ಟವರ ಹಂಡೆ ಬೇಗ ಕಾಯುತ್ತಿತ್ತು. "ಅದು ಇನಾಮಲ್ಲ ಕೂಸು, ಸೌದೆ ಕಾಸು" ಅಂತ ಅಪ್ಪ ನಗುತ್ತಿದ್ದರು. ಇನಾಮು ಹೋಗುವಾಗಿನದು ಮಾತ್ರ, ಯಾಕೆಂದರೆ ಆಮೇಲೆ ಅವರಿಗೆ ನಮ್ಮಿಂದ ಆಗಬೇಕಾದ್ದು ಏನೂ ಇರುವುದಿಲ್ಲ.

ಕಾಡಿನ ಕಡೆಯ ಇನಾಮಿನ ಕತೆ ಇನ್ನೂ ಸ್ವಾರಸ್ಯದ್ದು. ಚಾಮರಾಜನಗರದ ಹತ್ತಿರ ಮಾರ್ಲೆಯಲ್ಲಿ ಬಂಗಲೆ ಕಟ್ಟಿಕೊಂಡಿದ್ದ ಸ್ಯಾಂಡರ್ಸನ್ ನಾಲೆಗಳ ಅಧಿಕಾರಿ. 1874ರಲ್ಲಿ ಕರಡಿಹಳ್ಳಿಯ ಬಳಿ ಖೆಡ್ಡಾ ಮಾಡಿ ಆನೆಗಳ ಹಿಂಡನ್ನೇ ಹಿಡಿಸಿದವನು. 1878ರಲ್ಲಿ ಬಂದ ಅವನ ಪುಸ್ತಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೆ ಹಿಡಿಯುವ ಜಾಣತನಕ್ಕೆ ಮೆಚ್ಚುಗೆ ಇದೆ. ಅದು ಹುಲಿ ಕೊಂದವನಿಗೆ ಸರ್ಕಾರವೇ ಇನಾಮು ಕೊಡುತ್ತಿದ್ದ ಕಾಲ. ಮಹಾರಾಜರು 1931ರಲ್ಲಿ 90 ಚದರ ಕಿಲೋಮೀಟರ್ ಕಾಡನ್ನು ವೇಣುಗೋಪಾಲ ವನ್ಯಧಾಮ ಮಾಡಿದರು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿದ ಮೇಲೆ, ಹಣ ಕೊಟ್ಟು ಕಾಡು ನೋಡುವವರ ಪರಿಷೆಯೇ ಶುರುವಾಯಿತು. ಈಗ ಇನಾಮು ಹುಲಿ ತೋರಿಸಿದವನಿಗೆ. ಸಫಾರಿ ಜೀಪಿನ ಡ್ರೈವರನ್ನು ಕೇಳಿ ನೋಡಿ: ಹುಲಿ ಕಂಡ ದಿನ ಐನೂರರ ನೋಟು, ಕಾಣದ ದಿನ ಬರೀ ಥ್ಯಾಂಕ್ಸು. ಅಂದು ಹೊಂಡದ ಬಳಿ ನೀರು ಕುಡಿಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಹುಲಿ, ಸಂಜೆ ಮಗಳ ಫೀಸಿನ ಲೆಕ್ಕ ಏರುಪೇರಾಗುವುದು ಡ್ರೈವರಿನ ಮನೆಯಲ್ಲಿ. ಜಿಂಕೆ ಎಷ್ಟಾದರೂ ತೋರಿಸಿ, ಅದಕ್ಕೆ ಬಿಡಿಗಾಸಿಲ್ಲ.

ನಮ್ಮ ರೈತರು ಇದರಲ್ಲಿ ಚುರುಕು. ಊಟಿ ರಸ್ತೆಯ ಪಕ್ಕ ಸೂರ್ಯಕಾಂತಿ, ಚೆಂಡು ಹೂವು ಬಿಟ್ಟ ಕಾಲದಲ್ಲಿ ಕೇರಳದ ಕಾರುಗಳು ಸಾಲಾಗಿ ನಿಲ್ಲುತ್ತವೆ. ಮೊದಲು ಸುಮ್ಮನೆ ಬಿಟ್ಟರು, ಗಿಡ ತುಳಿದದ್ದು ಕಂಡ ಮೇಲೆ ಫೋಟೋಗೆ ಇಷ್ಟು ಅಂತ ಕಟ್ಟಿದರು. ಮುಂಚಿತವಾಗಿ, ತಲೆಗೆ ಇಷ್ಟು. ಮರ್ಜಿಯ ಮಾತಿಲ್ಲ.

ಅಕ್ಕನ ಮಗ ಒಂದು ದೊಡ್ಡ ಪ್ರವಾಸಿ ಹಡಗಿನಲ್ಲಿ ಕ್ಯಾಬಿನ್ ಸ್ಟೀವರ್ಡ್. ಅವನು ರಜೆಗೆ ಬಂದಾಗ ನಾವಿಬ್ಬರೂ ಈ ವಿಚಾರದಲ್ಲೇ ಕೂತುಬಿಡುತ್ತೇವೆ. ಅವನು ಮಾಡುವುದೂ ಅಪ್ಪ ಮಾಡಿದ ಕೆಲಸವೇ, ಹಂಡೆಯೊಂದಿಲ್ಲ. ಹಿಂದೆ ಹಡಗುಗಳಲ್ಲಿ ಕೊನೆಯ ರಾತ್ರಿ ಕವರಿನಲ್ಲಿ ನೋಟಿಟ್ಟು ಸ್ಟೀವರ್ಡಿಗೂ ವೇಟರಿಗೂ ಕೊಡುವ ರಿವಾಜಿತ್ತಂತೆ. ಈಗ ಅಮೆರಿಕದ ದೊಡ್ಡ ಕಂಪನಿಗಳು ತಲೆಗೆ ದಿನಕ್ಕೆ ಹೆಚ್ಚುಕಮ್ಮಿ 15ರಿಂದ 20 ಡಾಲರನ್ನು ಬಿಲ್ಲಿಗೇ ಸೇರಿಸುತ್ತವೆ. ರಾತ್ರಿ ಹೊತ್ತು ಕೋಣೆಗೆ ಊಟ ತರಿಸಿಕೊಂಡರೆ ತಂದವನ ಕೈಗೆ ಬೇರೆಯಾಗಿ ಎರಡರಿಂದ ಐದು ಡಾಲರ್ ಇಡುವುದು ಮರ್ಯಾದೆ. ಬ್ರಿಟನ್ನಿನ ಪಿ ಅಂಡ್ ಒ ಕಂಪನಿ 2019ರಲ್ಲಿ ಈ ದಿನಗಟ್ಟಲೆಯ ಸೇರ್ಪಡೆಯನ್ನೇ ಕೈಬಿಟ್ಟು ಟಿಕೇಟಿನ ದರದೊಳಗೆ ಎಲ್ಲ ಮುಗಿಸಿತು.

"ಇದು ನಮ್ಮ ಆಯವೇ ಅಲ್ವೇನೊ" ಅಂದೆ. "ಮುಖ ನೋಡದೆ ತಲೆಗೆ ಇಷ್ಟು ಅಂತ ಎತ್ತಿಡುವುದು."

"ಇಲ್ಲ ಮಾವ. ಕಣದಲ್ಲಿ ರಾಶಿ ಕಣ್ಣ ಮುಂದೆ ಇತ್ತು. ಇಲ್ಲಿ ಮೊರ ತುಂಬೋನು ಕಂಪನಿ. ನಂಗೆ ಬಂದದ್ದು ಎಷ್ಟರಲ್ಲಿ ಎಷ್ಟು ಅಂತ ನಂಗೇ ಗೊತ್ತಾಗಲ್ಲ. ಅದೂ ಅಲ್ದೆ ಇಷ್ಟ ಇಲ್ದೆ ಇದ್ರೆ ಕೌಂಟರಿಗೆ ಹೋಗಿ ತೆಗೆಸಿಹಾಕ್ತಾರೆ."

ಅವನ ಮಾತು ಸರಿ. ಟಿಪ್ಸು ಸಂಬಳದ ಜಾಗಕ್ಕೆ ಬಂದು ಕೂತರೆ ಉಳಿತಾಯ ಮಾಲೀಕನಿಗೆ. ಅಮೆರಿಕದ ಪುಲ್ಮನ್ ರೈಲು ಕಂಪನಿ ಜೀತದಿಂದ ಬಿಡುಗಡೆಯಾದ ಕರಿಯರನ್ನು ಮಲಗುವ ಬೋಗಿಗಳ ಕೆಲಸಕ್ಕೆ ಇಟ್ಟುಕೊಂಡು, ಕಿರುಸಂಬಳ ಕೊಟ್ಟು, ಉಳಿದದ್ದನ್ನು ಪ್ರಯಾಣಿಕರ ಕಾಸಿಗೆ ಬಿಟ್ಟಿತ್ತು. ಆ ನೌಕರರು 1925ರಲ್ಲಿ ಸಂಘ ಕಟ್ಟಿದರು, ಕಂಪನಿ ಒಪ್ಪಂದಕ್ಕೆ ಸಹಿ ಹಾಕುವಷ್ಟರಲ್ಲಿ 1937 ಆಗಿತ್ತು.

ನಮ್ಮಲ್ಲೂ ಹೋಟೆಲುಗಳು ಸರ್ವೀಸ್ ಚಾರ್ಜ್ ಅಂತ ಬಿಲ್ಲಿಗೆ ಸೇರಿಸುವುದನ್ನು ಕಲಿತವು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಅದನ್ನು ಕಡ್ಡಾಯ ಮಾಡಕೂಡದೆಂದು ಹೇಳಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಆ ಮಾತನ್ನು ಎತ್ತಿಹಿಡಿಯಿತು. ತಿನ್ನುವವನ ಪರವಾಗಿ ಒಳ್ಳೆಯದೇ ಆಯಿತು. ಬಡಿಸುವವನ ಸಂಬಳ ಎಷ್ಟಿರಬೇಕೆಂಬ ಮಾತು ಮಾತ್ರ ಅದರೊಳಗೆ ಬರಲಿಲ್ಲ. ನನ್ನ ಮಟ್ಟಿಗೆ, ದರದಲ್ಲೇ ಸೇರಿಸಿ ಸಂಬಳವಾಗಿ ಕೊಡಲಿ. ಅದಾದ ಮೇಲೆ ಖುಷಿಯಾಗಿ ಯಾರಾದರೂ ನೂರು ಕೊಟ್ಟರೆ ಅದು ನಿಜವಾದ ಇನಾಮು.

ಬಂಡೀಪುರದ ಸುತ್ತಿನ ರೆಸಾರ್ಟುಗಳಲ್ಲಿ ಈಗ ಎರಡು ಬಗೆ. ಕೆಲವು ಕಡೆ ಕೌಂಟರಿನ ಮೇಲೆ ಬೀಗ ಹಾಕಿದ ಡಬ್ಬಿ, ತಿಂಗಳಿಗೊಮ್ಮೆ ಒಡೆದು ಎಲ್ಲರಿಗೂ ಹಂಚುತ್ತಾರೆ, ತೋಟದ ಮಾಲಿಗೂ ಬರುತ್ತದೆ. ಇನ್ನು ಕೆಲವು ಕಡೆ ರೂಮ್‌ಬಾಯ್ ಫೋನು ತೆಗೆದು ತನ್ನ ಕ್ಯೂಆರ್ ಕೋಡ್ ತೋರಿಸುತ್ತಾನೆ. ಕೈಯಲ್ಲಿ ಚಿಲ್ಲರೆ ಇಲ್ಲ ಅನ್ನುವ ಹಳೆಯ ನೆವ ಅದರ ಮುಂದೆ ನಡೆಯುವುದಿಲ್ಲ, ನನಗದು ಹಿಡಿಸುತ್ತದೆ. ಆದರೆ ದುಡ್ಡು ನೇರ ಅವನ ಖಾತೆಗೆ. ಅಡಿಗೆಮನೆಯ ಹಿಂದೆ ಚೀಲ ಬಿಚ್ಚುವ ಪದ್ಧತಿ ಅಲ್ಲಿಗೆ ನಿಂತಿತು. ಬಾತ್‌ರೂಮು ತೊಳೆಯುವ ಹೆಂಗಸು ಅತಿಥಿ ತಿಂಡಿಗೆ ಹೋದಾಗ ಬಂದು, ವಾಪಸು ಬರುವುದರೊಳಗೆ ಹೊರಟುಹೋಗಿರುತ್ತಾಳೆ. ಅವಳ ಕೋಡನ್ನು ಯಾರೂ ಸ್ಕ್ಯಾನ್ ಮಾಡಿಲ್ಲ.