ಚೌಕಿಯೊಳಗಿನ ಕುಸ್ತಿ

ನಮ್ಮ ಮನೆಗೆ ಕೇಬಲ್ ಟೀವಿ ಬಂದದ್ದು 1994ರಲ್ಲಿ. ಅಂದಿನಿಂದ ಸಂಜೆಯ ಹೊತ್ತಿಗೆ ನನಗೂ ಮಗನಿಗೂ ದಿನಾ ಜಟಾಪಟಿ. ನಾನು ದೇವರಿಗೆ ದೀಪ ಹಚ್ಚಿ ಬರುವಷ್ಟರಲ್ಲಿ ಅವನು ಅಮೆರಿಕದ ಕುಸ್ತಿ ಹಾಕಿಕೊಂಡು ಕೂತಿರುತ್ತಿದ್ದ. ಆಗ ಅದಕ್ಕೆ ಡಬ್ಲ್ಯೂಡಬ್ಲ್ಯೂಎಫ್ ಎಂದು ಹೆಸರು. ಅವನ ಚೀಲದಲ್ಲಿ ಪುಸ್ತಕಗಳಿಗಿಂತ ಜೋಪಾನವಾಗಿದ್ದದ್ದು ಆ ಜಟ್ಟಿಗಳ ಟ್ರಂಪ್ ಕಾರ್ಡುಗಳು. ಯಾರ ಎತ್ತರ ಎಷ್ಟು, ತೂಕ ಎಷ್ಟು, ಎದೆಯ ಸುತ್ತಳತೆ ಎಷ್ಟು ಎಂಬುದೆಲ್ಲ ಬಾಯಿಪಾಠ. ಮಗ್ಗಿ ಮಾತ್ರ ಹದಿಮೂರಕ್ಕೇ ನಿಲ್ಲುತ್ತಿತ್ತು.

ನನಗೆ ಆ ಕುಸ್ತಿ ಕಂಡರೆ ಆಗುತ್ತಿರಲಿಲ್ಲ. ಆದರೆ ನಮ್ಮ ಅತ್ತೆಯವರು ಹಪ್ಪಳ ಲಟ್ಟಿಸುತ್ತ ಮೊಮ್ಮಗನ ಪಕ್ಕ ಕೂತು ನೋಡುತ್ತಿದ್ದರು. "ಅಯ್ಯೋ, ಆ ಬಡಪಾಯೀನ ಯಾರಾದ್ರೂ ಬಿಡಿಸ್ರೋ!" ಎಂದು ಲಟ್ಟಣಿಗೆ ಎತ್ತುವರು. "ಅಜ್ಜಿ, ಅದೆಲ್ಲ ಸುಳ್ಳಂತೆ" ಎಂದರೆ, "ಹಣೇಲಿ ರಕ್ತ ಬರ್ತಾ ಇದೆಯಲ್ಲೋ!" ಎಂದು ಅವನನ್ನೇ ಗದರುವರು. ಒಂದು ದಿನ ಇಬ್ಬರು ಹೆಂಗಸರು ಕುಸ್ತಿಗೆ ಬಂದರು. ಅತ್ತೆಯವರು ತುಂಬ ಹೊತ್ತು ಸುಮ್ಮನೆ ನೋಡಿ, "ಇಷ್ಟು ಏಟು ತಿಂದದ್ದಕ್ಕೆ ಇವರಿಗೆ ಎಷ್ಟು ಕೊಡ್ತಾರೆ? ಕೈಗೇ ಕೊಡ್ತಾರೋ?" ಎಂದು ಕೇಳಿದರು. ನಾವು ನಕ್ಕೆವು. ಉತ್ತರ ಹೇಳಲು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಆ ಕುಸ್ತಿಯ ಚರಿತ್ರೆಯನ್ನು ಓದಿದೆ. ಮಗ, ಅತ್ತೆ ಇಬ್ಬರ ಮಾತಿನಲ್ಲೂ ಸತ್ಯವಿತ್ತೆಂದು ತಿಳಿಯಿತು. ಗೆಲ್ಲುವವರು ಯಾರೆಂದು ಮೊದಲೇ ತೀರ್ಮಾನವಾಗಿರುತ್ತದೆ. ಆದರೆ ಹಣೆಯ ರಕ್ತ ಎಷ್ಟೋ ಸಲ ನಿಜದ ರಕ್ತವೇ. ಮಣಿಕಟ್ಟಿನ ಪಟ್ಟಿಯಲ್ಲಿ ಬ್ಲೇಡಿನ ಚೂರೊಂದನ್ನು ಅಡಗಿಸಿಟ್ಟುಕೊಂಡು, ಬಿದ್ದ ನೆಪದಲ್ಲಿ ಜಟ್ಟಿಯೇ ತನ್ನ ಹಣೆಯನ್ನು ತುಸು ಗೀರಿಕೊಳ್ಳುತ್ತಿದ್ದ.

ನಾನು ಚಿಕ್ಕವಳಿದ್ದಾಗ ಯಕ್ಷಗಾನದ ಚೌಕಿಗೆ ಇಣುಕಿದ್ದುಂಟು. ರಂಗದಲ್ಲಿ ಆಗಷ್ಟೇ ಸತ್ತ ದುಶ್ಶಾಸನ ಭೀಮನ ಪಕ್ಕದಲ್ಲೇ ಕೂತು ಕವಳ ಹಾಕುತ್ತಿದ್ದ. ನಮಗೆ ಅದು ಗುಟ್ಟೇನೂ ಅಲ್ಲ. ಅಮೆರಿಕದ ಕುಸ್ತಿಯವರಿಗೋ ಆಗ ಚೌಕಿಯೇ ದೊಡ್ಡ ಗುಟ್ಟಾಗಿತ್ತು. ಅದನ್ನು ಕಾಯುವ ಕಟ್ಟುಪಾಡಿಗೆ ಅವರ ಒಳಮಾತಿನಲ್ಲಿ 'ಕೇಫೇಬ್' ಎಂದು ಹೆಸರು. ರಂಗದಲ್ಲಿ ವೈರಿಗಳಾದವರು ಹೊರಗೆ ಒಂದೇ ಮೇಜಿನಲ್ಲಿ ಊಟ ಮಾಡುವಂತಿರಲಿಲ್ಲ, ಒಟ್ಟಿಗೆ ಪ್ರಯಾಣ ಮಾಡುವಂತಿರಲಿಲ್ಲ. 1987ರಲ್ಲಿ ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಪೊಲೀಸರು ಒಂದು ಕಾರನ್ನು ತಡೆದಾಗ, ಒಬ್ಬರ ಮೇಲೊಬ್ಬರು ಹಲ್ಲು ಮಸೆಯುತ್ತಿದ್ದ ಜಿಮ್ ಡಗ್ಗನ್ ಮತ್ತು ಐರನ್ ಶೇಕ್ ಅದರಲ್ಲಿ ಜೊತೆಯಾಗಿ ಕೂತಿದ್ದರು. ಆ ಪ್ರಕರಣದಲ್ಲಿ ಇಬ್ಬರೂ ಕೆಲಸ ಕಳೆದುಕೊಂಡರು. ಇಷ್ಟು ಕಾಪಾಡಿದ ಗುಟ್ಟನ್ನು 1989ರಲ್ಲಿ ಕಂಪನಿಯೇ ಅದೇ ನ್ಯೂಜೆರ್ಸಿಯ ಶಾಸನಸಭೆಯ ಮುಂದೆ ಬಿಟ್ಟುಕೊಟ್ಟಿತು. "ಇದು ಕ್ರೀಡೆಯಲ್ಲ, ಬರೀ ಮನರಂಜನೆ" ಎಂದು ಒಪ್ಪಿಕೊಂಡರೆ ಕ್ರೀಡೆಯ ತೆರಿಗೆ, ತಪಾಸಣೆಗಳು ತಪ್ಪುತ್ತಿದ್ದವು!

ಇವೆಲ್ಲ ನಗುವ ಕಥೆಗಳು. ಹೆಂಗಸರ ಚೌಕಿಯ ಕಥೆ ಓದುವಾಗ ಮಾತ್ರ ನನಗೆ ನಗು ಬರಲಿಲ್ಲ.

1930ರ ದಶಕದಲ್ಲಿ ಮಿಲ್ಡ್ರೆಡ್ ಬರ್ಕ್ ಎಂಬ ಹೆಣ್ಣುಮಗಳಿದ್ದಳು. ಗಂಡನಿಂದ ದೂರವಾಗಿ, ಕೈಯಲ್ಲೊಂದು ಮಗುವಿಟ್ಟುಕೊಂಡು, ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ತಟ್ಟೆ ಹಿಡಿದವಳು. ಕುಸ್ತಿ ಕಲಿಯುತ್ತೇನೆಂದು ಬಿಲ್ಲಿ ವುಲ್ಫ್ ಎಂಬ ಜಟ್ಟಿಯನ್ನು ಕೇಳಿದಳು. ಇವಳ ಹುಚ್ಚು ಬಿಡಿಸಲೆಂದು ಆತ ಒಬ್ಬ ಗಂಡಾಳನ್ನು ಛೂ ಬಿಟ್ಟನಂತೆ. ಇವಳು ಅವನನ್ನೇ ಎತ್ತಿ ಕೆಡವಿದಳಂತೆ. ಮುಂದೆ ವುಲ್ಫ್ ಅವಳನ್ನು ಮದುವೆಯಾದ. ಜಾತ್ರೆಗಳಲ್ಲಿ ಗಂಡಸರಿಗೆ ಸವಾಲು ಹಾಕಿ ಗೆಲ್ಲುತ್ತ, 1937ರ ಹೊತ್ತಿಗೆ ಅವಳು ಮಹಿಳಾ ಚಾಂಪಿಯನ್ ಎನ್ನಿಸಿಕೊಂಡಳು. ಮೈತುಂಬ ವಜ್ರ ಹಾಕಿಕೊಂಡು ಓಡಾಡುತ್ತಿದ್ದಳು.

ಆದರೆ ದೇಶದ ಮಹಿಳಾ ಕುಸ್ತಿಯನ್ನೆಲ್ಲ ನಡೆಸುತ್ತಿದ್ದವನು ವುಲ್ಫ್. ಯಾರು ಎಲ್ಲಿ ಆಡಬೇಕು, ಯಾರಿಗೆ ಎಷ್ಟು ಎಂಬ ಲೆಕ್ಕದ ಪುಸ್ತಕ ಅವನದು. ಅವನು ತನ್ನನ್ನು ಹೊಡೆಯುತ್ತಿದ್ದನೆಂದು ಬರ್ಕ್ ಬರೆದಿಟ್ಟಿದ್ದಾಳೆ. ಗಂಡಸರನ್ನು ಎತ್ತಿ ಒಗೆಯುವ ಹೆಂಗಸು ಮನೆಯಲ್ಲಿ ಏಟು ತಿನ್ನುತ್ತಿದ್ದಳು ಎಂಬುದನ್ನು ಓದಿ ಪುಸ್ತಕ ಮುಚ್ಚಿಟ್ಟು ಎದ್ದುಬಿಟ್ಟೆ.

1952ರಲ್ಲಿ ಇಬ್ಬರೂ ಬೇರೆಯಾದರು. 1954ರ ಆಗಸ್ಟ್ 20ರಂದು ಅಟ್ಲಾಂಟಾದಲ್ಲಿ ವುಲ್ಫ್‌ನ ಕಡೆಯ ಜೂನ್ ಬಯರ್ಸ್ ಜೊತೆ ಬರ್ಕ್‌ಳ ಪಂದ್ಯ ನಡೆಯಿತು. ಮೊದಲೇ ಗೊತ್ತುಪಡಿಸಿದ ಆಟವಲ್ಲ, ನಿಜವಾದ ಕುಸ್ತಿ. ಮೂರರಲ್ಲಿ ಎರಡು ಸುತ್ತು ಗೆದ್ದವರಿಗೆ ಪಟ್ಟ. ಮೊದಲ ಸುತ್ತು ಬಯರ್ಸ್‌ಗೆ ಹೋಯಿತು. ಎರಡನೆಯದು ಎಷ್ಟು ಹೊತ್ತಾದರೂ ಮುಗಿಯದೆ ಅಧಿಕಾರಿಗಳು ಪಂದ್ಯವನ್ನೇ ನಿಲ್ಲಿಸಿದರು. ಬರ್ಕ್ ಪೂರ್ತಿ ಸೋತಿರಲಿಲ್ಲ. ಆದರೆ ಹೊರಗೆ ಹಬ್ಬಿದ ಸುದ್ದಿ ಬಯರ್ಸ್ ಚಾಂಪಿಯನ್ ಎಂದು. ಅದೇ ವರ್ಷ ಬರ್ಕ್ ಸಂಗಡಿಗರೊಂದಿಗೆ ಜಪಾನಿಗೆ ಹೋದಳು. ಅಲ್ಲಿ ಮಹಿಳಾ ಕುಸ್ತಿ ಬೇರೂರಲು ಆ ಪ್ರವಾಸವೂ ಕಾರಣವಾಯಿತು.

ವುಲ್ಫ್‌ನ ತಂಡದಲ್ಲಿ ಆಡಿದವರಲ್ಲಿ ಲಿಲಿಯನ್ ಎಲಿಸನ್ ಒಬ್ಬಳು. ಕುಸ್ತಿಗೆ ಯಾಕೆ ಬಂದೆ ಎಂದು ಕೇಳಿದವನಿಗೆ "ಮೂಲಾಗಾಗಿ" ಎಂದಳಂತೆ. ಅಮೆರಿಕದ ಆಡುಮಾತಿನಲ್ಲಿ ಮೂಲಾ ಎಂದರೆ ದುಡ್ಡು. ಅದೇ ಅವಳ ಹೆಸರಾಯಿತು, ಫ್ಯಾಬ್ಯುಲಸ್ ಮೂಲಾ. 1956ರಲ್ಲಿ ಬಾಲ್ಟಿಮೋರ್‌ನಲ್ಲಿ ಗೆದ್ದ ಪಟ್ಟವನ್ನು ಇಪ್ಪತ್ತೆಂಟು ವರ್ಷ ಬಿಟ್ಟುಕೊಡಲಿಲ್ಲ ಎಂಬುದು ಕಂಪನಿಯ ಹೇಳಿಕೆ. ನಡುವೆ ಕೆಲವು ಸಲ ಸೋತು ಮತ್ತೆ ಗೆದ್ದದ್ದು ಆ ಲೆಕ್ಕದಲ್ಲಿ ಸೇರಿಲ್ಲ. ಸ್ವಂತ ಶಾಲೆ ತೆರೆದು ಹುಡುಗಿಯರನ್ನು ತಯಾರು ಮಾಡಿದಳು. ಅವರ ಸಂಪಾದನೆಯಲ್ಲಿ ಪಾಲನ್ನೂ ಹಿಡಿದುಕೊಂಡಳು. ಆ ಪಾಲು ಅನ್ಯಾಯದ್ದಾಗಿತ್ತೆಂದು ಕೆಲವು ಶಿಷ್ಯೆಯರು ಮುಂದೆ ದೂರಿದರು. ಹೆಣ್ಣೊಬ್ಬಳ ಕೈಗೆ ಬಂದಮೇಲೂ ಲೆಕ್ಕದ ಪುಸ್ತಕ ಬದಲಾಗಲಿಲ್ಲ.

ಆ ಶಿಷ್ಯೆಯರಲ್ಲೊಬ್ಬಳು ವೆಂಡಿ ರಿಕ್ಟರ್. 1984ರ ಜುಲೈಯಲ್ಲಿ ಗುರುವನ್ನೇ ಸೋಲಿಸಿ ಚಾಂಪಿಯನ್ ಆದಳು. ಪಾಪ್ ಗಾಯಕಿ ಸಿಂಡಿ ಲಾಪರ್ ಜೊತೆಗಿದ್ದು ದೊಡ್ಡ ಹೆಸರು ಬಂತು. ಜನ ಕಿಕ್ಕಿರಿದು ಬರುತ್ತಿದ್ದರು, ಆದರೆ ತನಗೆ ಸಲ್ಲಬೇಕಾದಷ್ಟು ಹಣ ಸಲ್ಲುತ್ತಿಲ್ಲ ಎಂದು ರಿಕ್ಟರ್ ಕಂಪನಿಯವರನ್ನು ಕೇಳತೊಡಗಿದಳು.

1985ರ ನವೆಂಬರ್ 25. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಎದುರಾಳಿ 'ಸ್ಪೈಡರ್' ಎಂಬ ಮುಸುಕಿನ ಹೆಂಗಸು. ಅವಳ ಮೈಕಟ್ಟು, ಪಟ್ಟು ಹಾಕುವ ರೀತಿ ಎಲ್ಲವೂ ರಿಕ್ಟರ್‌ಗೆ ಪರಿಚಿತ. ಸ್ಪೈಡರ್ ಅವಳನ್ನು ಮಡಚಿ ನೆಲಕ್ಕೊತ್ತಿದಳು. ಒಂದು ಎಣಿಸುತ್ತಲೇ ರಿಕ್ಟರ್ ಭುಜ ಎತ್ತಿದಳು. ರೆಫರಿ ಕಂಡರೂ ಕಾಣದವನಂತೆ ಮೂರರವರೆಗೂ ಎಣಿಸಿ ಗಂಟೆ ಹೊಡೆಸಿದ. ಆಟ ಮುಗಿಯಿತೆಂದು ನಂಬದೆ ರಿಕ್ಟರ್ ಹೋರಾಡುತ್ತಲೇ ಇದ್ದಳು. ಕೊನೆಗೆ ಮುಸುಕು ಕಿತ್ತರೆ, ಒಳಗಿದ್ದದ್ದು ಮೂಲಾ! ಹಟಮಾರಿ ಶಿಷ್ಯೆಯಿಂದ ಪಟ್ಟ ಕಿತ್ತುಕೊಳ್ಳಲು ಗುರುವನ್ನೇ ಮುಸುಕು ಹಾಕಿ ಕಳಿಸಿದ್ದರು. ರಿಕ್ಟರ್ ಬಟ್ಟೆಯನ್ನೂ ಬದಲಾಯಿಸದೆ, ಕುಸ್ತಿಯ ಉಡುಪಿನಲ್ಲೇ ಟ್ಯಾಕ್ಸಿ ಹತ್ತಿ ವಿಮಾನ ನಿಲ್ದಾಣಕ್ಕೆ ಹೊರಟುಹೋದಳು. ಮೂಲಾಳೊಂದಿಗೆ ಮತ್ತೆಂದೂ ಮಾತಾಡಲಿಲ್ಲ.

ಮೂಲಾ 2007ರಲ್ಲಿ ತೀರಿಕೊಂಡಳು. 2010ರಲ್ಲಿ ಕಂಪನಿಯೇ ರಿಕ್ಟರ್‌ಳನ್ನು ಕರೆದು ಗಣ್ಯರ ಪಟ್ಟಿಗೆ ಸೇರಿಸಿತು. 2018ರಲ್ಲಿ ಒಂದು ಪಂದ್ಯಕ್ಕೆ ಮೂಲಾಳ ಹೆಸರಿಟ್ಟಾಗ ಪ್ರೇಕ್ಷಕರೇ ಪ್ರತಿಭಟಿಸಿದರು. ಆ ಹೆಸರನ್ನು ಕೈಬಿಡಬೇಕಾಯಿತು. ಶಿಷ್ಯೆಯರ ದೂರನ್ನು ಕೇಳುವವರು ಅಷ್ಟು ತಡವಾಗಿಯಾದರೂ ಹುಟ್ಟಿಕೊಂಡಿದ್ದರು.

ಹೋದ ತಿಂಗಳು ಅಟ್ಟ ಸಾರಿಸುವಾಗ ಮಗನ ಆ ಟ್ರಂಪ್ ಕಾರ್ಡುಗಳ ಕಟ್ಟು ಸಿಕ್ಕಿತು. ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡಿತ್ತು. ಒಂದೊಂದಾಗಿ ಬಿಡಿಸಿ ನೋಡಿದೆ. ಅದರಲ್ಲಿ ಹೆಂಗಸರ ಚಿತ್ರ ಒಂದೂ ಇರಲಿಲ್ಲ. ಪಕ್ಕದಲ್ಲೇ ಅತ್ತೆಯವರ ಹಪ್ಪಳದ ಮಣೆ. ಅವರು ಲಟ್ಟಿಸಿದ ಹಪ್ಪಳ ಪೇಟೆಯ ಅಂಗಡಿಗೆ ಹೋಗುತ್ತಿತ್ತು. ದುಡ್ಡು ಇಸಿದುಕೊಂಡು ಬರುತ್ತಿದ್ದವರು ಮಾವ. ಎಷ್ಟು ಬಂತೆಂದು ಅತ್ತೆಯವರು ಕೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಟೀವಿಯ ಆ ಹೆಂಗಸರ ವಿಷಯದಲ್ಲಿ ಮಾತ್ರ ಅವರು ಬಾಯಿಬಿಟ್ಟು ಕೇಳಿದ್ದರು, ಕೈಗೇ ಕೊಡ್ತಾರೋ ಎಂದು. ಅಂದು ನಾವು ನಗಬಾರದಿತ್ತು.